ಓರಗಿತ್ತಿಯ ತೂಕ

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಗ ಫೋನು ಬಂತು. ಬೇಸಿಗೆ ಹತ್ತಿರವಾದರೆ ನಮ್ಮ ಮಾರಂಡಹಳ್ಳಿಯಲ್ಲಿ ಯಾರ ಮನೆ ಜಗಲಿ ನೋಡಿದರೂ ಇದೇ ಕೆಲಸ. ಹಣ್ಣು ಒಂದು ಕಡೆ, ನಾರು ಒಂದು ಕಡೆ, ಬೀಜ ಒಂದು ಕಡೆ, ನಡುವೆ ನಾನು. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಎಷ್ಟೋ ವರ್ಷವಾಯಿತು. ಕೂತರೆ ಎಬ್ಬಿಸಲು ಇಬ್ಬರು ಬೇಕು, ಮನೆಯಲ್ಲಿರುವವರು ನಮ್ಮ ಯಜಮಾನರೊಬ್ಬರೇ.

ಕೈಯೆಲ್ಲ ಅಂಟು. ಕಿರುಬೆರಳ ತುದಿಯಿಂದ ಒತ್ತಿ ಸ್ಪೀಕರ್‌ಗೆ ಹಾಕಿದೆ. ಸೇಲಂನಿಂದ ಪವಿತ್ರಾ, ನನ್ನ ಓರಗಿತ್ತಿ ಸರೋಜಳ ಸೊಸೆ.

"ದೊಡ್ಡತ್ತೆ, ನಮ್ಮತ್ತೆ ಕೈ ಮುರ್ಕಂಡವ್ರೆ."

"ಅಯ್ಯೋ ತಾಯಿ! ಎಲ್ಲಿ ಬಿದ್ಲು?"

"ಬಿದ್ದಿದ್ದು ಅಂತಾನೂ ಇಲ್ಲ ದೊಡ್ಡತ್ತೆ. ಬೆಳಗ್ಗೆ ಬಾಗ್ಲಲ್ಲಿ ರಂಗೋಲಿ ಕೋಲ ಆಕ್ತಾ ಕುಂತಿದ್ರು. ಎದ್ದೇಳಕ್ಕೆ ಓಗಿ ಪಕ್ಕಕ್ಕೆ ವಾಲುದ್ರು, ಕೈ ಊರುದ್ರು. ಅಷ್ಟೇ. ಮಣಿಕಟ್ಟು ಓಯ್ತು. ಕಟ್ಟು ಆಕಿ ಮೂರು ದಿನ ಆಯ್ತು."

"ಮೂರು ದಿನ! ಇವಾಗ ಸುದ್ದಿ ಏಳ್ತಿದ್ದೀಯಾ?"

"ಅವ್ರೇ ಬೇಡ ಅಂದ್ರು. ಅದಲ್ಲ ದೊಡ್ಡತ್ತೆ, ಸರಿಯಾಗಿ ಊಟಾನೇ ಮಾಡ್ತಿಲ್ಲ. ದಿನಕ್ಕೊಂದೇ ಊಟ ಅಂತಾ ಒಪ್ಪೊತ್ತು ಇಡ್ದವ್ರೆ. ಯಾಕೆ ಅಂದ್ರೆ, 'ಅಕ್ಕ ಅಂದಂಗೇ ಆಯ್ತು, ಮಾರಮ್ಮ ಕೇಳುದ್ಲು, ನಾನು ತಪ್ಪು ಕಾಣ್ಕೆ ಕಟ್ಟಬೇಕು' ಅಂತಾ ಅಳ್ತಾರೆ. ನೀವೇನು ಅಂದ್ರಿ ದೊಡ್ಡತ್ತೆ?"

ನಾನೇನು ಅಂದೆ ಎಂದು ನನಗೆ ಗೊತ್ತಿತ್ತು. ಬೀಜ ಬಿಡಿಸುವ ಕತ್ತಿ ಕೈಯಲ್ಲೇ ನಿಂತಿತು.

ಸುಳ್ಳು ಹೇಳಬಾರದು, ವಯಸ್ಸಾಗಿದೆ. ಸರೋಜಳ ಕೈ ಮುರಿದದ್ದು ಕೇಳಿ ಬಾಯಿ "ಅಯ್ಯೋ" ಅಂದಿತು. ಮನಸ್ಸು ಮಾತ್ರ, "ನೋಡು, ಅಮ್ಮ ಬಿಡಲಿಲ್ಲ" ಅಂದಿತು. ದಿನಾ ಎರಡು ಹೊತ್ತು ದೀಪ ಹಚ್ಚುವವಳು ನಾನು. ದೀಪ ಹಚ್ಚಿದ ಮೇಲೆ ಬೆರಳ ಗೆಣ್ಣು ಎಣಿಸುತ್ತ, ಅಂದು ಅಮ್ಮ ಮಾಡಿದ ಸಣ್ಣಪುಟ್ಟ ದಯೆಗಳನ್ನು ನೆನೆಯುವವಳು. ಹಾಲು ಒಡೆಯಲಿಲ್ಲ, ಒಂದು. ನಲ್ಲಿಯಲ್ಲಿ ಹೊಗೇನಕಲ್ ನೀರು ಬಂತು, ಎರಡು. ಮೆಟ್ಟಿಲು ಇಳಿಯುವಾಗ ಮೊಳಕಾಲು ಕೈಕೊಡಲಿಲ್ಲ, ಮೂರು. ಇಂಥವಳ ಮನಸ್ಸಿನಲ್ಲಿ ಆ ಮಾತು ಎಲ್ಲಿತ್ತು ಅಂತೀರಾ? ಇತ್ತು. ಮೂರು ವರ್ಷದಿಂದ ಬೆಚ್ಚಗೆ ಕೂತಿತ್ತು.

ಸರೋಜ ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಯಜಮಾನರ ತಮ್ಮನ ಹೆಂಡತಿ. ಅವಳಿಗಿಂತ ಐದೇ ತಿಂಗಳು ಮೊದಲು ನಾನು ಈ ಮನೆ ಹೊಸ್ತಿಲು ದಾಟಿದ್ದು. ವಯಸ್ಸಿನಲ್ಲೂ ಒಂದು ವರ್ಷದ ಅಂತರ. ಬಂದಾಗ ಇಬ್ಬರೂ ಕಡ್ಡಿಗಳೇ.

ನಾನಂತೂ ಚಿಕ್ಕಂದಿನಲ್ಲಿ ಎಷ್ಟು ಸಣ್ಣಗಿದ್ದೆ ಎಂದರೆ, ಪಾಲಕೋಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಗಾಳಿ ಜೋರಾದ ದಿನ ಅಜ್ಜಿ, "ಲೇ, ಕೊಡ ಇಡ್ಕಂಡು ನಿಂತ್ಕ, ಆರೋಗ್ಬುಟ್ಟೀಯಾ" ಅನ್ನುತ್ತಿದ್ದಳು. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬಳಿದ್ದಳು, ಕೆನ್ನೆ ತುಂಬಿ, ತೋಳು ತುಂಬಿ, ನಡೆದರೆ ಕಾಲ್ಗೆಜ್ಜೆ ಮಾಂಸದಲ್ಲಿ ಮುಳುಗಿ ಸದ್ದೇ ಬರುತ್ತಿರಲಿಲ್ಲ. ಬಂದವರೆಲ್ಲ ಅವಳ ಕೆನ್ನೆ ಹಿಂಡುವವರೇ. ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಜ್ಜಿ ಕೊಟ್ಟ ರಾಗಿ ಅಂಬಲಿಯನ್ನು ಮೂಗು ಹಿಡಿದು ಎರಡು ಚೊಂಬು ಕುಡಿದು ಹೊಟ್ಟೆ ಮುಂದೆ ಮಾಡಿ ನಡೆಯುತ್ತಿದ್ದೆ. ಹೆಣ್ಣು ನೋಡಲು ಬಂದಾಗ ನಮ್ಮವ್ವ ಸೀರೆಯ ಒಳಗೆ ಎರಡು ಲಂಗ ಉಡಿಸಿ ಕೂರಿಸಿದ್ದಳು, ಹುಡುಗಿ ಸ್ವಲ್ಪ ಗುಂಡಗೆ ಕಾಣಲಿ ಎಂದು. ಆಗ ದಪ್ಪಗಿದ್ದವರನ್ನು ಕಂಡು ಹೊಟ್ಟೆಕಿಚ್ಚು, ಈಗ ಸಣ್ಣಗಿದ್ದವರನ್ನು ಕಂಡು. ಕಿಚ್ಚು ಅದೇ, ಹೊಟ್ಟೆ ಮಾತ್ರ ದೊಡ್ಡದಾಯಿತು.

ನಮ್ಮತ್ತೆ ನ್ಯಾಯವಂತೆ. ಇಬ್ಬರು ಸೊಸೆಯರಿಗೂ ಒಂದೇ ಗಾತ್ರದ ಮುದ್ದೆ ಕಟ್ಟುತ್ತಿದ್ದಳು. ಒಂದು ಸ್ವಲ್ಪ ದೊಡ್ಡದಾದರೆ ಚಿವುಟಿ ಇನ್ನೊಂದಕ್ಕೆ ಅಂಟಿಸುತ್ತಿದ್ದಳು. ಆ ನ್ಯಾಯದಲ್ಲೇ ನಾವಿಬ್ಬರೂ ಬೆಳೆದೆವು. ಬಾಣಂತನ, ಮಕ್ಕಳು ಬಿಟ್ಟ ಅನ್ನ, ನೆಂಟರು ತಂದ ಮುರುಕ್ಕು, ಮಧ್ಯಾಹ್ನದ ನಿದ್ದೆ, ಎಲ್ಲ ಸಮಪಾಲು. ಹಿಂದೆ ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ತಿರುಗುವ ತೂಕದ ಮಷಿನ್ ಇರುತ್ತಿತ್ತು, ಕಾಸು ಹಾಕಿದರೆ ತೂಕದ ಜೊತೆ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿ ಬೀಳುತ್ತಿತ್ತು. ಸೀರೆ ತರಲು ಹೋದಾಗಲೆಲ್ಲ ಇಬ್ಬರೂ ಹತ್ತುತ್ತಿದ್ದೆವು. ತೂಕದಲ್ಲಿ ಅರ್ಧ ಕಿಲೋ ಆಚೀಚೆ ಇರುತ್ತಿತ್ತು, ಭವಿಷ್ಯ ಇಬ್ಬರಿಗೂ 'ನಿಮ್ಮ ಕೀರ್ತಿ ಬೆಳಗುವುದು'. ಚೀಟಿ ನೋಡಿ ಬಸ್ಸು ಸಿಗುವವರೆಗೂ ನಗುತ್ತಿದ್ದೆವು. ಅಮ್ಮನಾಣೆ, ಆ ಕಾಲದಲ್ಲಿ ನಮ್ಮಿಬ್ಬರ ನಡುವೆ ಒಂದು ಕೆಟ್ಟ ಮಾತಿರಲಿಲ್ಲ. ಸಮ ತೂಕದ ತಕ್ಕಡಿಯಲ್ಲಿ ಜಗಳ ಎಲ್ಲಿಂದ ಬರಬೇಕು?

ಆಮೇಲೆ ಅವಳ ಗಂಡ ಬೆಳ್ಳಿ ಕಾಲ್ಗೆಜ್ಜೆ ಕೆಲಸಕ್ಕೆಂದು ಸೇಲಂ ಸೇರಿದ. ಅವಳೂ ಹೋದಳು. ಹಬ್ಬಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು.

ಕೊರೊನಾ ಬಂದಾಗ ಅಣ್ಣ ತಮ್ಮ ಇಬ್ಬರೂ ಒಂದೇ ವಾರದಲ್ಲಿ ಆಸ್ಪತ್ರೆ ಸೇರಿದರು. ನಮ್ಮನ್ನು ಒಳಗೆ ಬಿಡಲಿಲ್ಲ. ನಾನು ಇಲ್ಲಿ, ಅವಳು ಅಲ್ಲಿ, ಫೋನಿನಲ್ಲಿ ಅಳುತ್ತ ಇಬ್ಬರೂ ಒಂದೇ ಹರಕೆ ಹೊತ್ತೆವು. ಮನೆದೇವರು ಮಾರಮ್ಮನಿಗೆ ನಮ್ಮ ಕಡೆ ಇಂಥ ಹೊತ್ತಿನಲ್ಲಿ ಬೆಲ್ಲದ ತುಲಾಭಾರ ಹೊರುವುದು ವಾಡಿಕೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹರಕೆ ಹೊತ್ತವರು, ಇನ್ನೊಂದರಲ್ಲಿ ಅಷ್ಟೇ ತೂಕದ ಬೆಲ್ಲ. ಆ ಬೆಲ್ಲ ಅಮ್ಮನದು, ಪಾನಕವಾಗಿ ಊರಿಗೆಲ್ಲ ಹಂಚಿಹೋಗುತ್ತದೆ. "ಇಬ್ಬರನ್ನೂ ಮನೆಗೆ ಕಳ್ಸು ತಾಯಿ, ನಮ್ ತೂಕಕ್ಕೆ ಬೆಲ್ಲ ಕೊಡ್ತೀವಿ" ಅಂದೆವು. ಅಮ್ಮ ಕಳಿಸಿದಳು. ಇದಕ್ಕಿಂತ ದೊಡ್ಡ ದಯೆ ನನ್ನ ಬೆರಳ ಗೆಣ್ಣಿಗೆ ಇನ್ನೂ ಸಿಕ್ಕಿಲ್ಲ.

ಹರಕೆ ತೀರಿಸಲು ಮಾತ್ರ ತಡವಾಯಿತು. ಒಂದು ವರ್ಷ ಸೂತಕ, ಇನ್ನೊಂದು ವರ್ಷ ಮಗಳ ಬಾಣಂತನ, ಮತ್ತೊಂದು ವರ್ಷ ಗುಡಿಗೆ ಸುಣ್ಣಬಣ್ಣ. ಆ ನಡುವೆ ನನ್ನ ಮೊಳಕಾಲು ಕೂಗತೊಡಗಿತು. ಧರ್ಮಪುರಿಯ ಡಾಕ್ಟರು, "ತೂಕ ಇಳಿಸಿ ಅಮ್ಮಾ, ಮೊದಲು ತೂಕ" ಅಂದರು. ನಾನು ಕೈ ಮುಗಿದು, "ಆಗಲ್ಲ ಡಾಕ್ಟ್ರೇ, ಅದು ಅಮ್ಮನಿಗೆ ಒಪ್ಸಿರೋ ತೂಕ. ಅರಕೆ ತೀರೋವರ್ಗೂ ಇಳಿಸಂಗಿಲ್ಲ" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೂ, ನಮ್ಮ ಯಜಮಾನರನ್ನೂ ನೋಡಿದರು. ಆಚೆ ಬಂದ ಮೇಲೆ ಇವರು, "ನಿನ್ನ ಬೊಜ್ಜಿಗೂ ಅಮ್ಮನ ಅಪ್ಪಣೆ ಐತೇನೇ?" ಅಂದರು. ನಗಬೇಡಿ. ನಾನು ನಿಜವಾಗಿಯೂ ನಂಬಿದ್ದೆ. ನಂಬುವುದು ಸುಲಭವೂ ಆಗಿತ್ತು, ಎರಡನೇ ಮುದ್ದೆ ಮುರಿಯುವಾಗ ಮನಸ್ಸಿಗೆ ಚುಚ್ಚುತ್ತಿರಲಿಲ್ಲ.

ಸರೋಜ ಹಾಗೆ ನಂಬಲಿಲ್ಲ. ಇಳಿಯತೊಡಗಿದಳು. ಯುಗಾದಿಗೆ ಬಂದಾಗ ಗಲ್ಲ ಒಂದೇ ಆಗಿತ್ತು, ಮೊದಲು ಎರಡಿದ್ದವು. ಆಡಿ ತಿಂಗಳಲ್ಲಿ, ಅದೇ ಆಷಾಢದಲ್ಲಿ, ಬಂದಾಗ ಸೊಂಟ ಕಾಣಿಸಿತು. ನಲವತ್ತು ವರ್ಷದಿಂದ ಈ ಮನೆಯಲ್ಲಿ ಯಾರೂ ನೋಡದ ಸೊಂಟ! ನೆಂಟರು, ಬೀದಿಯವರು, ಹೂ ಮಾರುವವಳು, ಎಲ್ಲರ ಬಾಯಲ್ಲೂ ಒಂದೇ ಮಾತು: "ಸರೋಜಮ್ಮ ಇಪ್ಪತ್ತು ವರ್ಷ ಚಿಕ್ಕೋಳಾಗ್ಬುಟ್ಲು!" ಪಕ್ಕದಲ್ಲೇ ನಾನು ನಿಂತಿರುತ್ತಿದ್ದೆ. ಯಾರೂ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಆ ನೋಟಕ್ಕಿಂತ ಬೈದಿದ್ದರೆ ವಾಸಿ.

ಹೊಟ್ಟೆ ಉರಿಯಲು ಇಷ್ಟು ಸಾಲದು ಎಂಬಂತೆ ಒಂದು ದಿನ ಬಸ್ಸಿನಲ್ಲಿ ಒಂದು ಬಟ್ಟೆ ಚೀಲ ಕಳಿಸಿದಳು. ಬಿಚ್ಚಿದರೆ ಅವಳ ಹಳೆಯ ರವಿಕೆಗಳು. ಹದಿನಾಲ್ಕು. ಒಳ್ಳೊಳ್ಳೆ ರೇಷ್ಮೆಯವು. ಫೋನಿನಲ್ಲಿ, "ಅಕ್ಕಾ, ನಂಗೆ ಎಲ್ಲಾ ಚೀಲ ಆದಂಗೆ ಆಗ್ತವೆ. ನಿಮ್ಗೆ ಸರಿಯಾಗ್ತವೆ ಅಂತಾ ಕಳ್ಸುದೆ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಹಾಕಿ ನೋಡಿದೆ. ಒಂದೂ ಹತ್ತಲಿಲ್ಲ, ತೋಳಲ್ಲೇ ನಿಂತವು. ಅವಳ ದಪ್ಪಕ್ಕೂ ನಾನು ದಪ್ಪವಾಗಿದ್ದೆ! ಆ ಚೀಲವನ್ನು ಮಂಚದ ಕೆಳಗೆ ನೂಕಿ, ಫೋನಿನಲ್ಲಿ, "ಚೆನ್ನಾಗವೆ ಸರೋಜ, ಸ್ವಲ್ಪ ಲೂಸು" ಅಂದೆ. ಅಂದು ದೀಪ ಹಚ್ಚಿದಾಗ ಒಂದು ದಯೆಯೂ ನೆನಪಿಗೆ ಬರಲಿಲ್ಲ.

ಕೊನೆಗೂ ತುಲಾಭಾರದ ದಿನ ಬಂತು. ಹೋದ ಕಾರ್ತಿಕದಲ್ಲಿ. ಹರಕೆ ಹೊತ್ತಾಗಿನ ತೂಕ ನೆನಪಿಟ್ಟುಕೊಂಡು ನಮ್ಮ ಯಜಮಾನರು ಇಬ್ಬರಿಗೂ ಮೂರು ಮೂರು ಮೂಟೆ ಉಂಡೆಬೆಲ್ಲ ಇಳಿಸಿದ್ದರು. ಮೊದಲು ಸರೋಜ ಕೂತಳು. ಹಸಿರು ಸೀರೆ, ಮಲ್ಲಿಗೆ. ಎರಡು ಮೂಟೆ ಇಟ್ಟರು, ಮೂರನೆಯದನ್ನು ಬಿಚ್ಚಿ ಪೂಜಾರಿ ಒಂದೊಂದೇ ಉಂಡೆ ಇಡುತ್ತಿದ್ದಂತೆ ಅವಳ ತಟ್ಟೆ ಹಗುರಾಗಿ ತೇಲಿತು, ಜಾತ್ರೆಯ ತೊಟ್ಟಿಲಿನ ಹಾಗೆ. ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ಮುಕ್ಕಾಲು ಮೂಟೆ ಹಾಗೇ ಉಳಿಯಿತು.

ಆಮೇಲೆ ನಾನು. ಹತ್ತುವುದಕ್ಕೇ ಸ್ಟೂಲು ಬೇಕಾಯಿತು. ಸರಪಳಿ 'ಕಿರ್' ಎಂದಿತು. ಮೂರು ಮೂಟೆ ಇಟ್ಟರು. ನಾನು ನೆಲ ಬಿಟ್ಟು ಏಳಲಿಲ್ಲ. ಪೂಜಾರಿ ಸುತ್ತ ನೋಡಿದ. ಬೆಲ್ಲ ಇಲ್ಲ. ಆಗ ಅವನು, ಪಾಪ ಅವನಿಗೇನು ಗೊತ್ತು, ಇಡೀ ಗುಡಿಗೆ ಕೇಳುವಂತೆ ಕೂಗಿದ: "ಚಿಕ್ಕಮ್ಮಾರ್ದು ಮಿಕ್ಕಿದ್ದು ತಗಂಡ್ ಬನ್ರಪ್ಪಾ, ದೊಡ್ಡಮ್ಮಾರ್ಗೆ ಸಾಲಲ್ಲಾ!"

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಸರೋಜಳ ಪಾಲಿನ ಬೆಲ್ಲ ಒಂದೊಂದೇ ಉಂಡೆಯಾಗಿ ನನ್ನ ಎದುರಿನ ತಟ್ಟೆಗೆ ಬಿತ್ತು. ಕಾಲು ನೆಲ ಬಿಡುವಾಗ ನನ್ನ ಕಣ್ಣಲ್ಲಿ ನೀರು. ಭಕ್ತಿ ಎಂದುಕೊಂಡರು.

ಇಳಿದು ಬಂದೆ. ಸರೋಜ ಕುಂಕುಮ ಇಡಲು ಹತ್ತಿರ ಬಂದಳು. ನಾನು ನಗುತ್ತಲೇ ಅಂದೆ, ನಾಲ್ಕು ಜನ ಕೇಳುವಂತೆಯೇ ಅಂದೆ: "ಅರಕೆ ಒತ್ತಾಗ ಇದ್ದ ಮೈ ಒಂದು, ತೀರ್ಸುವಾಗ ತಂದ ಮೈ ಒಂದು. ಅಮ್ಮನ ಪಾಲೇ ಕಮ್ಮಿ ಮಾಡ್ಬುಟ್ಟಿಯಲ್ಲೇ ಸರೋಜ. ಅವ್ಳು ಕೇಳ್ದೆ ಬುಡ್ತಾಳಾ?"

ಅವಳ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ನಿಂತಿತು. ಊಟಕ್ಕೂ ನಿಲ್ಲದೆ ಸೇಲಂ ಬಸ್ಸು ಹತ್ತಿದಳು. ನನಗೆ ಅಂದು ರಾತ್ರಿ ಒಳ್ಳೆ ನಿದ್ದೆ ಬಂತು. ಅದೇ ನಾಚಿಕೆಯ ಸಂಗತಿ.

ಆ ಮಾತು ಈಗ ಸೇಲಂನಲ್ಲಿ ಮುರಿದ ಕೈ ಹೊತ್ತು ಉಪವಾಸ ಕೂತಿತ್ತು.

ಮರುದಿನ ಬೆಳಗ್ಗೆ ಹೊರಟೆ. ಚೀಲದಲ್ಲಿ ರಾಗಿಹಿಟ್ಟು, ಹಿತ್ತಲ ನುಗ್ಗೆಸೊಪ್ಪು, ಕೋಳಿ ಸಾಕಿದ ಮನೆಯಿಂದ ತಂದ ಹತ್ತು ಮೊಟ್ಟೆ. ಧರ್ಮಪುರಿಯಲ್ಲಿ ಬಸ್ಸು ಬದಲಿಸುವಾಗ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದೊಂದು ದಯೆ. ಮೊಟ್ಟೆ ಒಡೆಯಲಿಲ್ಲ, ಅದೊಂದು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಲೆಕ್ಕ ಹಾಕಿದೆ. "ದೇವರು ದೊಡ್ಡವಳು, ಕ್ಷಮಿಸುತ್ತಾಳೆ, ಊಟ ಮಾಡು" ಅಂದರೆ ಸಾಕು, ನನ್ನ ಮರ್ಯಾದೆಯೂ ಉಳಿಯುತ್ತದೆ, ಅವಳ ಹೊಟ್ಟೆಯೂ ತುಂಬುತ್ತದೆ. ತೊಪ್ಪೂರು ಘಾಟಿ ಇಳಿಯುವ ಹೊತ್ತಿಗೆ ಈ ಮಾತು ನನಗೇ ಒಪ್ಪಿಗೆಯಾಗಿತ್ತು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಮೈದುನ ಕಾಲ್ಗೆಜ್ಜೆಗೆ ಕೊಂಡಿ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, "ಬಾ ಅತ್ತಿಗೆ, ನೀನಾದ್ರೂ ಇವ್ಳಿಗೆ ಬುದ್ಧಿ ಏಳು" ಅಂದ. ಒಳಗೆ ಸರೋಜ ಮಂಚದ ಮೇಲೆ. ಎಡಗೈ ಬಿಳಿ ಕಟ್ಟಿನಲ್ಲಿ. ಎಲ್ಲರೂ ಹೊಗಳಿದ ಆ ಮುಖವನ್ನು ಹತ್ತಿರದಿಂದ ಅಂದೇ ನೋಡಿದ್ದು. ಗಲ್ಲದ ಕೆಳಗೆ ಚರ್ಮ ಜೋತಿತ್ತು. ತೋಳು ಹಿಡಿದರೆ ಒಣಗಿದ ನುಗ್ಗೆಕಾಯಿ.

"ಅಕ್ಕಾ," ಅಂದಳು, "ನಿಜ ಏಳಿ. ಅಮ್ಮಂಗೆ ಕೋಪ ಬಂತಾ? ಇನ್ನೂ ಎಷ್ಟು ದಿನ ಒಪ್ಪೊತ್ತು ಇಡೀಲಿ? ಕಮ್ಮಿ ಆದ ಬೆಲ್ಲ ಈಗ ಕೊಟ್ರೆ ಆಗ್ತದಾ?"

ಮೂರು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದಳು, ನಾನು ಪೂಜಾರಿ ಎಂಬಂತೆ. ನಿಜ ಹೇಳಲಾ? ಹಿತವಾಗಿತ್ತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ನಾಲಿಗೆ ತುದಿಗೆ ಬಂತು: ಅಮ್ಮ ಕ್ಷಮಿಸುತ್ತಾಳೆ. ಅಂದರೆ ಕೋಪ ಬಂದದ್ದು ನಿಜ ಎಂದಾಯಿತು. ಇವಳು ಒಪ್ಪೊತ್ತು ಬಿಟ್ಟರೂ ಒಳಗೊಳಗೇ ಹೆದರುತ್ತ ತುತ್ತು ಎಣಿಸುತ್ತಾಳೆ. ಅಮ್ಮನ ತಲೆಯ ಮೇಲೆ ನನ್ನ ಮಾತು ಹೊರಿಸಿ ನಾನು ಮನೆಗೆ ಹೋಗಿ ದೀಪ ಹಚ್ಚುವುದು ಹೇಗೆ?

"ಅಮ್ಮಂಗೆ ಯಾವ ಕೋಪಾನೂ ಬಂದಿಲ್ಲ ಕಣೇ," ಅಂದೆ. "ಅವತ್ತು ಬಾಯಿ ಬುಟ್ಟಿದ್ದು ಅಮ್ಮ ಅಲ್ಲ, ನಾನು. ನಂಗೆ ಒಟ್ಟೆಕಿಚ್ಚು."

"ಏನು?"

"ಒಟ್ಟೆಕಿಚ್ಚು. ನಿನ್ ಸೊಂಟದ ಮೇಲೆ. ನಿನ್ ರವಿಕೆ ನಂಗೆ ಒಂದೂ ಇಡೀಲಿಲ್ಲ. ಮಂಚದ ಕೆಳಗೆ ಐತೆ."

ಅವಳು ಬಾಯಿ ಬಿಟ್ಟು ನೋಡಿದಳು. ಆಮೇಲೆ ನಗು ಶುರುವಾಯಿತು. ಹೊಟ್ಟೆ ಹಿಡಿದು, ಕೈ ನೋಯುತ್ತದೆಂದು ಅತ್ತು, ಮತ್ತೆ ನಕ್ಕಳು. "ಲೂಸು ಅಂದ್ರಲ್ಲಕ್ಕಾ!" ಬಾಗಿಲಲ್ಲಿ ಪವಿತ್ರಾ, "ಎನ್ನಾಚ್ಚು, ಏನಾಯ್ತು?" ಎಂದು ಗಾಬರಿಯಾಗಿ ನಿಂತಿದ್ದಳು.

ನಗು ನಿಂತ ಮೇಲೆ ಸರೋಜ ಸೀಲಿಂಗು ನೋಡುತ್ತ ಅಂದಳು: "ನಾನೂ ನಿಜ ಏಳ್ಬುಡ್ತೀನಿ. ತಕ್ಕಡೀಲಿ ಊರೆಲ್ಲಾ ನೋಡ್ತಾರೆ, ನಿಮಗಿಂತ ಒಂದು ಉಂಡೆ ಬೆಲ್ಲ ಕಮ್ಮಿ ಇದ್ರೆ ಸಾಕು ಅಂತಾ ಶುರು ಮಾಡ್ದೆ. ಮುದ್ದೆ ಬುಟ್ಟೆ, ಆಲು ಮೊಸ್ರು ಬುಟ್ಟೆ, ಬೇಳೆ ಬುಟ್ಟೆ. ಬೆಳಗ್ಗೆ ಗಂಜಿ ನೀರು, ಮಧ್ಯಾನ ಸೌತೆಕಾಯಿ. ಎಲ್ಲಾರೂ ಒಗಳ್ತಾ ಓದ್ರು. ನಿಲ್ಸಕ್ಕೇ ಆಗ್ಲಿಲ್ಲ."

"ನಡೆಯೋದು, ಕೆಲ್ಸ ಮಾಡೋದು?"

"ಎಲ್ಲೀದಕ್ಕಾ ಶಕ್ತಿ? ತಲೆ ಸುತ್ತೋದು. ಮಲ್ಕಂಡೇ ಇರ್ತಿದ್ದೆ."

ನಾನು ಅಡುಗೆಮನೆಗೆ ಹೋಗಿ ಮುದ್ದೆ ತೊಳಸಿ ಕಟ್ಟಿದೆ. ನುಗ್ಗೆಸೊಪ್ಪಿನ ಸಾರು, ಒಂದು ಮೊಟ್ಟೆ. ಒಂದು ಕೈಯಲ್ಲಿ ಅವಳು ಮುದ್ದೆ ಮುರಿಯುವುದನ್ನು ನೋಡುತ್ತ ಕೂತೆ. ನಮ್ಮತ್ತೆ ಕಟ್ಟುತ್ತಿದ್ದ ಅಳತೆಯೇ. ಪೂರ್ತಿ ಉಂಡಳು.

ಒಂದು ವಾರ ಇದ್ದೆ. ಆ ವಾರದಲ್ಲೇ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಕಿರಿಮಗಳಷ್ಟು ಇದ್ದಾಳು. ಸರೋಜಳ ಎಲುಬಿನ ಪರೀಕ್ಷೆ ಆಗಿತ್ತು. ಎಲುಬು ಸವೆದಿದೆ ಎಂದರು. ನಾನು ಸುಮ್ಮನಿರದೆ ನನ್ನದನ್ನೂ ನೋಡಿ ಎಂದೆ. ನೋಡಿದರು. ನನ್ನದು ಇವಳದಕ್ಕಿಂತ ಗಟ್ಟಿ!

ನನ್ನ ಮುಖ ಹೇಗಾಯಿತೋ ಕಾಣೆ, ಸರೋಜ, "ನೋಡಿ ಡಾಕ್ಟ್ರಮ್ಮಾ, ಅಕ್ಕಂಗೆ ಕುಶಿ" ಅಂದುಬಿಟ್ಟಳು. ಡಾಕ್ಟರು ಪೆನ್ನು ಕೆಳಗಿಟ್ಟು ತಮಿಳಿನಲ್ಲಿ ಇಬ್ಬರನ್ನೂ ಸೇರಿಸಿ ಬೈದರು. ನನಗೆ ಅರ್ಥವಾದದ್ದು ಇಷ್ಟು: ಭಾರ ಹೊತ್ತು ಹೊತ್ತು ನಿಮ್ಮ ಎಲುಬು ಗಟ್ಟಿ ಉಳಿದಿದೆ, ಆದರೆ ಅದೇ ಭಾರ ಮೊಳಕಾಲು ತಿನ್ನುತ್ತಿದೆ, ನಾಳೆ ಬಿದ್ದರೆ ನಿಮಗೂ ಇದೇ ಗತಿ, ಹೆಮ್ಮೆ ಬೇಡ. ಇವರು ತೂಕ ಇಳಿಸಿದ್ದು ಸರಿ, ಇಳಿಸಿದ ರೀತಿ ತಪ್ಪು. ವಯಸ್ಸಾದವರು ಬರೀ ಹೊಟ್ಟೆ ಕಟ್ಟಿ ಇಳಿದರೆ ಕೊಬ್ಬಿನ ಜೊತೆ ಮಾಂಸವೂ ಎಲುಬೂ ಕರಗುತ್ತವೆ. ಎಲುಬಿಗೆ ಕೆಲಸ ಕೊಡಬೇಕು, ಕೆಲಸಕ್ಕೆ ತಕ್ಕ ಊಟ ಕೊಡಬೇಕು, ಆಗಲೇ ಅದು ಉಳಿಯುವುದು. ನಿಧಾನವಾಗಿ ಇಳಿಸಿ.

ಕೆಲಸ ಎಂದರೆ ಏನು ಎಂದೆ. ಮನೆಕೆಲಸ ಮಾಡುತ್ತೇನಲ್ಲ. ಆಕೆ ಎದ್ದು ಬಂದು, ಒಂದು ಕುರ್ಚಿ ಎಳೆದು, ಎರಡು ಕೈಯನ್ನೂ ಎದೆಯ ಮೇಲೆ ಅಡ್ಡಲಾಗಿ ಇಟ್ಟು ಕೂತು ಎದ್ದರು, ಕೂತು ಎದ್ದರು. ಕೈ ಊರಬಾರದು. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು, ಹೊತ್ತಾರೆ ಒಂದಿಷ್ಟು ನಡಿಗೆ. ಸರೋಜ ಕಟ್ಟು ಬಿಚ್ಚುವವರೆಗೂ ಆ ಕೈ ಬಿಟ್ಟು ಉಳಿದದ್ದು ಮಾಡಬಹುದು, ಯಾರಾದರೂ ಪಕ್ಕದಲ್ಲಿರಲಿ.

ಇಬ್ಬರನ್ನೂ ಅಲ್ಲೇ ಕೂರಿಸಿ ಮಾಡಿಸಿದರು. ಸರೋಜ ನಡುಗುತ್ತ ನಾಲ್ಕು ಸಲ ಎದ್ದಳು. ನಾನು? ಒಂದೂವರೆ. ಎರಡನೆಯದರಲ್ಲಿ ಅರ್ಧಕ್ಕೆ ನಿಂತು ಪವಿತ್ರಾಳ ಭುಜ ಹಿಡಿದೆ. ಎಲುಬಿನ ಪರೀಕ್ಷೆಯಲ್ಲಿ ಗೆದ್ದ ಖುಷಿ ಕಾಲು ಗಂಟೆಯೂ ಬಾಳಲಿಲ್ಲ.

"ಪರ್ವಾಗಿಲ್ಲಕ್ಕಾ," ಎಂದು ಆ ಮುರುಕು ಕೈಯವಳು ನನಗೆ ಸಮಾಧಾನ ಹೇಳಿದಳು. ಆ ಸಮಾಧಾನ ಕೇಳಿ ನನಗೆ ಮತ್ತೆ ಉರಿಯಿತು ನೋಡಿ! ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರು ಹೇಳಿದರು? ಬೂದಿ ಮುಚ್ಚುತ್ತದೆ, ಅಷ್ಟೇ.

ಮನೆಗೆ ಬಂದ ಮರುದಿನದಿಂದಲೇ ಶುರು ಮಾಡಿದೆ. ಒಂದು ಮುದ್ದೆ, ಒಂದು ಮೊಟ್ಟೆ, ಜಾಸ್ತಿ ಸೊಪ್ಪು. ಇವರು ಮೊದಮೊದಲು ಕುರ್ಚಿಯ ಹಿಂದೆ ಬೆನ್ನು ಹಿಡಿಯಲು ನಿಲ್ಲುತ್ತಿದ್ದರು, ಆಮೇಲೆ ಪಕ್ಕದಲ್ಲಿ ಪೇಪರ್ ಓದುತ್ತ ನಿಂತರು, ಈಗ ಎದ್ದು ಹೋಗುತ್ತಾರೆ. ಅಷ್ಟು ನಂಬಿಕೆ. ಎರಡು ತಿಂಗಳಲ್ಲಿ ತೂಕ ಮೂರು ಕಿಲೋ ಇಳಿದಿದೆ. ಯಾರೂ ಗಮನಿಸಿಲ್ಲ. ಹೂ ಮಾರುವವಳ ಮುಂದೆ ಎರಡು ಸಲ ತಿರುಗಿ ನಿಂತೆ, ಅವಳು ಮೊಳ ಅಳೆಯುತ್ತಲೇ ಇದ್ದಳು. ಮೊಳಕಾಲು ಮಾತ್ರ ಗಮನಿಸಿದೆ, ಮೆಟ್ಟಿಲಲ್ಲಿ ಮೊದಲಿನಷ್ಟು ಕೂಗುವುದಿಲ್ಲ. ಇದನ್ನು ದಯೆಯ ಲೆಕ್ಕಕ್ಕೆ ಹಾಕಿದ್ದೇನೆ.

ಸರೋಜಳ ಕಟ್ಟು ಬಿಚ್ಚಿದರು. ಅವಳು ಎರಡು ಕಿಲೋ ಏರಿದ್ದಾಳೆ, ಡಾಕ್ಟರು ಒಳ್ಳೆಯದಾಯಿತು ಎಂದರಂತೆ. ಏರಿದರೂ ಹೊಗಳಿಸಿಕೊಳ್ಳುವವಳು ಅವಳೊಬ್ಬಳೇ. ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡುತ್ತಾಳೆ. ಕ್ಷೇಮ ಸಮಾಚಾರ ಇಲ್ಲ, ನೇರ ಲೆಕ್ಕ.

"ಅಕ್ಕಾ, ಇವತ್ತು ನಂದು ಅದಿನೈದು!" ಅಂದಳು ಇಂದು. "ಕೈ ಊರ್ದೆ. ಪವಿತ್ರಾ ಎಣಿಸವ್ಳೆ. ನಿಮ್ದು?"

ನನ್ನದು ಹನ್ನೆರಡು. ಬಾಯಿ "ಅದಿನೆಂಟು" ಅಂದಿತು.

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಅದಿನೆಂಟಾ? ನಿಮ್ ವಯಸ್ಸಿಗೆ ಅಷ್ಟು ಬೇಡಕ್ಕಾ" ಅಂದಳು. ಆಹಾ, ಆ ದನಿಯನ್ನು ನಾನು ಬಲ್ಲೆ. ಒಳಗಿನಿಂದ ಬಂದ ಹೊಗೆ ಅದು. ಕಿವಿಗೆ ಜೇನು ಬಿಟ್ಟಂತಾಯಿತು. "ನೀನೂ ಮಾಡು, ನಿಧಾನಕ್ಕೆ" ಎಂದು ದೊಡ್ಡ ಮನಸ್ಸಿನಿಂದ ಹೇಳಿ ಫೋನ್ ಇಟ್ಟೆ.

ಇಟ್ಟ ಮೇಲೆ ಗೋಡೆಯ ಮೇಲಿನ ಅಮ್ಮನ ಪಟ ಕಣ್ಣಿಗೆ ಬಿತ್ತು. ಬೇರೆ ಕಡೆ ನೋಡಿದೆ. ಎಲ್ಲಿ ನೋಡಿದರೂ ಪಟದ ಆ ಎರಡು ಕಣ್ಣು ನನ್ನ ಮೇಲೇ ಇದ್ದ ಹಾಗೆ ಅನ್ನಿಸಿತು. ಆಗಷ್ಟೇ ಕೂಡಿದ ಎಲುಬಿನವಳ ಹತ್ತಿರ ಸುಳ್ಳು. ನಾಳೆ ಅವಳು ನನ್ನನ್ನು ಮೀರಿಸಲು ಹೋಗಿ ಬಿದ್ದರೆ? ಫೋನ್ ಮಾಡಿ ಹನ್ನೆರಡೇ ಎಂದು ಹೇಳಬಹುದಿತ್ತು. ಅಷ್ಟು ಪುಣ್ಯ ಒಂದೇ ವರ್ಷದಲ್ಲಿ ಎರಡು ಸಲ ಮಾಡುವ ಶಕ್ತಿ ನನಗಿಲ್ಲ.

ಕೈ ಎದೆಯ ಮೇಲೆ ಅಡ್ಡಲಾಗಿ ಇಟ್ಟು ಕುರ್ಚಿಯಲ್ಲಿ ಕೂತೆ. ಹದಿಮೂರು. ಹದಿನಾಲ್ಕು. ಹದಿನೈದರಲ್ಲಿ ತೊಡೆ ನಡುಗಿತು. ಹೊರಗಿನಿಂದ ಬಂದ ನಮ್ಮ ಯಜಮಾನರು ಚಪ್ಪಲಿ ಬಿಡುತ್ತ, "ಆವಾಗ್ಲೇ ಮುಗೀತಲ್ಲೇ, ಇನ್ನೂ ಏನು ಮಾಡ್ತಿದ್ದೀಯಾ?" ಎಂದರು.

"ನಿಜ ಮಾಡ್ತಿದ್ದೀನಿ, ಸುಮ್ನಿರಿ," ಅಂದೆ.

ಹದಿನೇಳರಲ್ಲಿ ಉಸಿರು ನಿಂತು ನಿಂತು ಬಂತು. ಹದಿನೆಂಟಕ್ಕೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೂ ಕೈ ಊರಲಿಲ್ಲ. ಒಂದು ನಿಮಿಷ ಹಾಗೇ ನಿಂತೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಳೆಯ ಇಡ್ಲಿಗೆ ನೆನೆಸಿಟ್ಟಿದ್ದ ಉದ್ದಿನಬೇಳೆಯ ನೀರು ಬಸಿಯಲು ಒಳಗೆ ಹೋದೆ.